ವಿಮಾನದ ಸರ್ವೆಗಳು: ಕಾಗದ, ಇ-ಮೇಲ್, ಟ್ಯಾಬ್, ಬಟನ್. ಯಾವುದಕ್ಕೆ ಉತ್ತರ ಕೊಡಬೇಕು?

‘ನಮ್ಮ ಸೇವೆ ಹೇಗಿತ್ತು?’ ಅಂತ ವಿಮಾನ ಪ್ರಯಾಣಿಕರನ್ನು ಈಗ ಹೆಜ್ಜೆಹೆಜ್ಜೆಗೂ ಕೇಳುತ್ತಾರೆ. ಸೀಟಿಗೆ ತಂದು ಕೊಡುವ ಕಾಗದದ ಫಾರ್ಮ್, ಇಳಿದ ಮೇಲೆ ಬರುವ ಇ-ಮೇಲ್, ಗೇಟಿನ ಹತ್ತಿರ ಟ್ಯಾಬ್ ಹಿಡಿದು ಬರುವವರು, ಟಾಯ್ಲೆಟ್ ಬಾಗಿಲಲ್ಲಿ ನಗುಮುಖದ ಬಟನ್. ಎಲ್ಲಕ್ಕೂ ಉತ್ತರ ಕೊಟ್ಟು ನೋಡಿದ್ದೇನೆ.

ನನ್ನ ಓಟು ಕಾಗದಕ್ಕೆ. ಕೆಟ್ಟಿರುವ ದೀಪ, ಹಿಂದಕ್ಕೆ ಬಾಗದ ಸೀಟು, ಕರೆದರೂ ಬಾರದ ನೀರು, ಎಲ್ಲ ಕಣ್ಣೆದುರೇ ಇರುತ್ತದೆ. ನೆನಪು ಮಾಡಿಕೊಳ್ಳುವ ಕಷ್ಟವಿಲ್ಲ. ಆದರೆ ಅದನ್ನು ಹಂಚುವವರೂ ವಾಪಸ್ ತೆಗೆದುಕೊಳ್ಳುವವರೂ ಅದೇ ಸಿಬ್ಬಂದಿ. ಅವರ ಮೇಲಿನ ದೂರನ್ನು ಅವರ ಕೈಗೇ ಕೊಡಲು ಮುಜುಗರ ಅಲ್ವಾ? ನಾನು ಮಡಚಿ ಕೊಡುತ್ತೇನೆ. ಇನ್ನೊಂದು ಕೊರತೆ: ಪ್ರಯಾಣ ಮುಗಿಯುವ ಮೊದಲೇ ಅಂಕ ಹಾಕಬೇಕು. ಬ್ಯಾಗ್ ಬಂತೋ ಇಲ್ಲವೋ ಎಂಬುದು ಅದರಲ್ಲಿ ಸೇರುವುದೇ ಇಲ್ಲ.

ಇ-ಮೇಲ್‌ನಲ್ಲಿ ಬುಕಿಂಗ್‌ನಿಂದ ಬ್ಯಾಗಿನವರೆಗೆ ಎಲ್ಲ ಕೇಳುತ್ತಾರೆ. ಅದೇ ಅದರ ಗುಣ, ಅದೇ ಅದರ ಕಾಟ. ಪುಟದ ಮೇಲೆ ಪುಟ. ಒಂದು ಫಾರ್ಮ್ ನಾನು ಕಾಲೇ ಇಡದ ಲೌಂಜ್‌ಗೆ ಸ್ಟಾರ್ ಕೊಡು ಎಂದು ಪಟ್ಟು ಹಿಡಿಯಿತು. ‘ಬಳಸಿಲ್ಲ’ ಎನ್ನುವ ಆಯ್ಕೆಯೇ ಇಲ್ಲ, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಕೊನೆಗೆ ಮೂರು ಸ್ಟಾರ್ ಒತ್ತಿ ಮುಂದೆ ಹೋದೆ. ಆ ಲೌಂಜಿನ ಸರಾಸರಿಯಲ್ಲಿ ನನ್ನ ಮೂರೂ ಸೇರಿರುತ್ತದೆ!

ಇ-ಮೇಲ್‌ನಲ್ಲಿ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಇರುತ್ತದೆ: ‘ಗೆಳೆಯರಿಗೆ ನಮ್ಮನ್ನು ಶಿಫಾರಸು ಮಾಡುತ್ತೀರಾ? 0ಯಿಂದ 10ರೊಳಗೆ ಹೇಳಿ’. ಇದು 2003ರಲ್ಲಿ ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ ಪ್ರಚಾರಕ್ಕೆ ತಂದ ನೆಟ್ ಪ್ರೊಮೋಟರ್ ಸ್ಕೋರ್. 9, 10 ಕೊಟ್ಟವರು ಮೆಚ್ಚಿದವರು. 0ಯಿಂದ 6 ಕೊಟ್ಟವರು ಮುನಿಸಿಕೊಂಡವರು. ಮೊದಲನೆಯವರ ಶೇಕಡಾವಾರಿನಿಂದ ಎರಡನೆಯವರದನ್ನು ಕಳೆದರೆ ಸ್ಕೋರ್ ಸಿಗುತ್ತದೆ. 7, 8 ಕೊಟ್ಟವರು ಕೂಡುವುದರಲ್ಲೂ ಇಲ್ಲ, ಕಳೆಯುವುದರಲ್ಲೂ ಇಲ್ಲ. ‘ಪರವಾಗಿಲ್ಲ, ಸುಮಾರಾಗಿತ್ತು’ ಅಂತ 6 ಕೊಡುವವರು ತಮಗೆ ಗೊತ್ತಿಲ್ಲದೆಯೇ ಮುನಿಸಿಕೊಂಡವರ ಗುಂಪಿಗೆ ಸೇರುತ್ತಾರೆ. ನಮ್ಮಲ್ಲಿ ನೂರಕ್ಕೆ 60 ಅಂದರೆ ಫಸ್ಟ್ ಕ್ಲಾಸ್, ಅಲ್ಲಿ ಅದೇ 6 ಫೇಲ್.

ಗೇಟಿನಲ್ಲಿ ಟ್ಯಾಬ್ ಹಿಡಿದು ಬರುವವರು ಕೇಳುವುದು ಹೆಚ್ಚಾಗಿ ವಿಮಾನದ ಬಗ್ಗೆ ಅಲ್ಲ, ನಿಲ್ದಾಣದ ಬಗ್ಗೆ. ವಿಮಾನ ನಿಲ್ದಾಣಗಳ ಜಾಗತಿಕ ಸಂಘ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ 2006ರಲ್ಲಿ ಶುರು ಮಾಡಿದ ಎಎಸ್‌ಕ್ಯೂ (ಏರ್‌ಪೋರ್ಟ್ ಸರ್ವಿಸ್ ಕ್ವಾಲಿಟಿ) ಸರ್ವೆ ಇಂಥದ್ದೇ. ಹೊರಡುವ ಪ್ರಯಾಣಿಕರನ್ನು ಗೇಟಿನಲ್ಲೇ ಹಿಡಿಯುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ಬಿಡಿಸಿ ಹೇಳುತ್ತಾರೆ, ಅದು ಒಳ್ಳೆಯದು. ಆದರೆ ಎದುರಿಗೆ ನಗುತ್ತಾ ನಿಂತವರಿಗೆ ‘ಕೆಟ್ಟದಾಗಿತ್ತು’ ಎನ್ನಲು ನಾಲಿಗೆ ಬರುವುದಿಲ್ಲ. ನನ್ನ ಉತ್ತರಗಳೆಲ್ಲ ಒಂದೊಂದು ಅಂಕ ಜಾಸ್ತಿಯೇ ಆಗಿರುತ್ತವೆ.

ಬಟನ್ ಬಗ್ಗೆ ಹೇಳುವುದು ಕಮ್ಮಿ. ಹಸಿರು ಮುಖ, ಕೆಂಪು ಮುಖ, ಒತ್ತಿ ನಡೆಯಿರಿ. ಕೋಪ ಯಾಕೆ ಬಂತು ಎಂದು ಅದಕ್ಕೆ ತಿಳಿಯುವುದಿಲ್ಲ, ಯಾವಾಗ ಬಂತು ಎಂದು ತಿಳಿಯುತ್ತದೆ. ಟಾಯ್ಲೆಟ್ ಯಾವ ಹೊತ್ತಿಗೆ ಗಲೀಜಾಗುತ್ತದೆ ಎಂದು ಪತ್ತೆ ಹಚ್ಚಲು ಅಷ್ಟು ಸಾಕು. ಪಕ್ಕದಲ್ಲಿ ಮಕ್ಕಳಿದ್ದರೆ ಮಾತ್ರ ಲೆಕ್ಕ ಕೆಟ್ಟಂತೆ.

ಹಾಗಾಗಿ ಸೀಟು, ಊಟ, ಸಿಬ್ಬಂದಿ ವಿಚಾರವಾದರೆ ಕಾಗದವೇ ಸರಿ. ಅಂಕಕ್ಕಿಂತ ಕೆಳಗಿನ ಖಾಲಿ ಜಾಗ ಮುಖ್ಯ. ಫ್ಲೈಟ್ ನಂಬರ್, ಸೀಟ್ ನಂಬರ್ ಹಾಕಿ ಎರಡು ಸಾಲು ಬರೆಯಿರಿ. ‘ಸೇವೆ ಸರಿಯಿಲ್ಲ’ ಎಂದರೆ ಯಾರೂ ಏನೂ ಮಾಡಲಾರರು, ‘22ಸಿ ಸೀಟಿನ ದೀಪ ಉರಿಯುತ್ತಿಲ್ಲ’ ಎಂದರೆ ಮಾಡಬಹುದು. ತಡ, ಬ್ಯಾಗು, ರೀಫಂಡ್ ಎಲ್ಲ ಸೇರಿದ್ದರೆ ಇ-ಮೇಲ್.

ಆದರೆ ಇವು ಯಾವುವೂ ದೂರು ಅಲ್ಲ. ಬ್ಯಾಗು ಒಡೆದಿದೆ ಎಂದು ಸರ್ವೆಯಲ್ಲಿ ಬರೆದು ಪರಿಹಾರಕ್ಕೆ ಕಾಯಬೇಡಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾನಿಯಾದರೆ ಅದು ಕೈಸೇರಿದ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ವಿಮಾನ ಸಂಸ್ಥೆಗೆ ಲಿಖಿತ ದೂರು ಕೊಡಬೇಕು. ನಿಲ್ದಾಣ ಬಿಡುವ ಮೊದಲೇ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ (ಬ್ಯಾಗಿಗೆ ಏನಾಯಿತು ಎಂದು ದಾಖಲಿಸುವ ‘ಪ್ರಾಪರ್ಟಿ ಇರೆಗ್ಯುಲಾರಿಟಿ ರಿಪೋರ್ಟ್’) ಬರೆಸಿ, ಅದರ ನಂಬರ್ ಇಟ್ಟುಕೊಳ್ಳಿ. ಸರ್ವೆ ಆಮೇಲೆ ತುಂಬಿದರೂ ನಡೆಯುತ್ತದೆ.