12 ಮಳೆಗಾಲ ಕಂಡ ನನ್ನ ಬೇಸ್ ಗಿಟಾರ್

2013ರ ಗಣಪತಿ ಹಬ್ಬಕ್ಕೆ ಮೂರು ವಾರ ಇದ್ದಾಗ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದ ಬೇಸ್ ಇದು, ಅಂದರೆ ಹಾಡಿನ ತಗ್ಗು ಸ್ವರ ನುಡಿಸುವ ಗಿಟಾರ್. ನಾಲ್ಕು ತಂತಿ, ಪ್ರಿಸಿಶನ್ ಮಾದರಿ, ಒಂದೇ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಿನ ಸಿಗ್ನಲ್ ಮಾಡುವ ಆಯಸ್ಕಾಂತ, ಸುರುಳಿ), ಒಂದು ವಾಲ್ಯೂಮ್, ಒಂದು ಟೋನ್. ಆಗ ಕೊಟ್ಟಿದ್ದು 18 ಸಾವಿರ. ಅಲ್ಲಿಂದ ಇಲ್ಲಿಯವರೆಗೆ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಅಂತ ವರ್ಷಕ್ಕೆ ನಲವತ್ತು-ಐವತ್ತು ಕಾರ್ಯಕ್ರಮ ಇದರಲ್ಲೇ ನುಡಿಸಿದ್ದೇನೆ. ಗಣಪತಿ ಪೆಂಡಾಲು, ಮಾರಿಕಾಂಬೆ ಜಾತ್ರೆ, ಮದುವೆ ರಿಸೆಪ್ಷನ್, ಕಾಲೇಜು ವಾರ್ಷಿಕೋತ್ಸವ, ಕುವೆಂಪು ರಂಗಮಂದಿರ, ಯಾವುದನ್ನೂ ಬಿಟ್ಟಿಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ವಿನ್ಯಾಸದ ಬೇಸನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ನಾನು ಹೇಳಬೇಕೆಂದಿರುವುದು ಆ ವಿನ್ಯಾಸದ ಬಗ್ಗೆ.

ಅಂಗಡಿಯ ಏಸಿ ರೂಮಲ್ಲಿ ಕೂತು ನುಡಿಸಿದರೆ ಎಲ್ಲ ಬೇಸೂ ಚೆನ್ನಾಗಿಯೇ ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ರಿಪ್ಪನ್‌ಪೇಟೆಯ ಸ್ಟೇಜ್ ಮೇಲೆ, ಮೇಲೆ ಟಾರ್ಪಾಲು, ಹೊರಗೆ ಮಳೆ, ಎದುರಿಗೆ ಎರಡು ಸಾವಿರ ಜನ ಇರುವಾಗ ನನ್ನ ಪ್ರಶ್ನೆ ಒಂದೇ: ಕೇಬಲಿನ ಪಿನ್ ಚುಚ್ಚಿದರೆ ಸೌಂಡ್ ಬರುತ್ತದಾ? ಕೊನೆಯ ಹಾಡಿನವರೆಗೂ ಬರುತ್ತದಾ?

ಇದಕ್ಕೂ ಮೊದಲು ಎರಡು ವರ್ಷ ನನ್ನ ಹತ್ತಿರ ಆಕ್ಟಿವ್ ಬೇಸ್ ಇತ್ತು. ಆಕ್ಟಿವ್ ಅಂದರೆ ಒಳಗೆ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಪ್ರೀಆಂಪ್ (ಸದ್ದನ್ನು ಹಿಗ್ಗಿಸುವ, ತಿದ್ದುವ ಸರ್ಕ್ಯೂಟ್) ಇರುವಂಥದ್ದು. ನೋಡಲಿಕ್ಕೆ ಚಂದ, ಸದ್ದಿನ ತಗ್ಗು (ಬೇಸ್), ನಡು (ಮಿಡ್), ಏರು (ಟ್ರೆಬಲ್) ಬೇರೆ ಬೇರೆ ತಿರುಗಿಸಬಹುದು. ಆದರೆ ಅದರಲ್ಲಿ ಪಿನ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸಿದರೂ ಸರಿ, ಬಿಟ್ಟರೂ ಸರಿ. ಅದು ನನಗೆ ಗೊತ್ತಾಗಿದ್ದು ಸಾಗರದ ಹತ್ತಿರದ ಒಂದು ಹಳ್ಳಿಯ ಗಣಪತಿ ಕಾರ್ಯಕ್ರಮದಲ್ಲಿ. ಸಂಜೆ ಐದಕ್ಕೆ ಚೆಕ್ ಮಾಡಿ, ಪಿನ್ ಹಾಗೇ ಬಿಟ್ಟು, ಊಟಕ್ಕೆ ಹೋಗಿದ್ದೆ. ಕಾರ್ಯಕ್ರಮದ ಮಧ್ಯದಲ್ಲಿ ಸೌಂಡ್ ಮೊದಲು ಹರಿದ ಹಾಗೆ ಬಂತು, ಆಮೇಲೆ ಸಣ್ಣಗಾಯಿತು, ಆಮೇಲೆ ಇಲ್ಲವೇ ಇಲ್ಲ. ಕೀಬೋರ್ಡ್ ನುಡಿಸುವ ಅಣ್ಣ ತಿರುಗಿ ನೋಡಿ, "ಎಂಥ ಆಯ್ತಾ ಮಾರಾಯಾ?" ಅಂದರು. ಆ ಹೊತ್ತಲ್ಲಿ ಹಳ್ಳಿಯಲ್ಲಿ ಟಾರ್ಚಿನ ಸೆಲ್ ಸಿಕ್ಕೀತು, 9 ವೋಲ್ಟಿಂದು ಎಲ್ಲಿ ಸಿಗಬೇಕು? ಐದು ಹಾಡು ಬೇಸ್ ಇಲ್ಲದೆ ಹೋಯಿತು. ಕೊನೆಗೆ ಮೈಕ್‌ಸೆಟ್ಟಿನವರು ತಮ್ಮ ಮಲ್ಟಿಮೀಟರ್ ಬಿಚ್ಚಿ ಅದರೊಳಗಿನ ಬ್ಯಾಟರಿ ಕೊಟ್ಟರು. ಆ ಉಪಕಾರ ನಾನು ಮರೆಯುವುದಿಲ್ಲ. ಮರುದಿನ ಮಧ್ಯಾಹ್ನವೇ ಬ್ಯಾಟರಿ ಇಲ್ಲದ ಬೇಸ್ ತಗೊಳ್ಳಬೇಕು ಅಂತ ತೀರ್ಮಾನ ಮಾಡಿದೆ. ಆಕ್ಟಿವ್ ಬೇಸ್ ಇರುವವರು ಬ್ಯಾಗಲ್ಲಿ ಎರಡು ಹೊಸ ಬ್ಯಾಟರಿ ಇಟ್ಟುಕೊಳ್ಳಿ, ಬಿಡುವಿದ್ದಾಗಲೆಲ್ಲ ಪಿನ್ ಕಿತ್ತಿಡಿ. ಬ್ಯಾಟರಿ ಸತ್ತಾಗ ಪ್ಯಾಸಿವ್‌ಗೆ, ಅಂದರೆ ಬ್ಯಾಟರಿ ಇಲ್ಲದೆ ನಡೆಯುವ ಹಾಗೆ, ಬದಲಾಯಿಸುವ ಸ್ವಿಚ್ ಇರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ.

ಪ್ರಿಸಿಶನ್ ಬೇಸನ್ನು ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದಿದ್ದು 1951ರಲ್ಲಿ. ಆಳೆತ್ತರದ ನಿಲುಬೇಸನ್ನು ಹೊತ್ತು ಊರೂರು ತಿರುಗುವ ಕಷ್ಟ ತಪ್ಪಿತು. ಕತ್ತಿನ ಮೇಲೆ ಫ್ರೆಟ್ (ಅಡ್ಡ ಕೂರಿಸಿದ ಲೋಹದ ಪಟ್ಟಿ) ಇದ್ದದ್ದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು, ಪ್ರಿಸಿಶನ್ (ಕರಾರುವಾಕ್ಕು) ಅನ್ನುವ ಹೆಸರು ಬಂದಿದ್ದೂ ಅದರಿಂದಲೇ. ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ. ಕತ್ತನ್ನು ಗೋಂದು ಹಾಕಿ ಕೂರಿಸುವ ಬದಲು ನಾಲ್ಕು ಸ್ಕ್ರೂ ಹಾಕಿ ಬಿಗಿದ, ವೈರಿಂಗ್ ಎಲ್ಲ ಒಂದು ತಟ್ಟೆ ಬಿಚ್ಚಿದರೆ ಕೈಗೆ ಸಿಗುವ ಹಾಗೆ ಇಟ್ಟ. ಏನು ಹಾಳಾದರೂ ಅಷ್ಟನ್ನೇ ಬಿಚ್ಚಿ ಬದಲಾಯಿಸಬಹುದು. ಗಿಟಾರ್ ರಿಪೇರಿಗೆಂದು ಬೆಂಗಳೂರಿಗೆ ಹೋಗಿ ಬರಲು ಎರಡು ದಿನ ಕಳೆಯುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

1957ರಲ್ಲಿ ಈ ಬೇಸಿನ ಪಿಕಪ್ಪನ್ನು ಎರಡು ತುಂಡು ಮಾಡಿದರು. ಎರಡು ತಂತಿಗೆ ಒಂದು ತುಂಡು, ಇನ್ನೆರಡಕ್ಕೆ ಇನ್ನೊಂದು. ಎರಡರ ಸುರುಳಿಯೂ ಆಯಸ್ಕಾಂತವೂ ಒಂದಕ್ಕೊಂದು ವಿರುದ್ಧ, ಹಾಗಾಗಿ ಹೊರಗಿನಿಂದ ಬರುವ ಗುಂಯ್ ಅನ್ನುವ ಕರೆಂಟಿನ ಸದ್ದು ಅಲ್ಲಲ್ಲೇ ಕಳೆದುಹೋಗುತ್ತದೆ. ಪೆಂಡಾಲಿನಲ್ಲಿ ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಡಿಮ್ಮರ್ ಹಾಕಿದ ಲೈಟು, ಕಂಬಕ್ಕೆ ಸುತ್ತಿದ ಸೀರಿಯಲ್ ಸೆಟ್ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ನಮ್ಮ ಲೀಡ್ ಗಿಟಾರಿನವನದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್, ಅದರಲ್ಲಿ ಗುಂಯ್ ಸದ್ದು ಕಳೆಯುವುದಿಲ್ಲ. ಹಾಡಿನ ಮಧ್ಯೆ ಸುಮ್ಮನಿರಬೇಕಾದಾಗಲೆಲ್ಲ ಅವನು ವಾಲ್ಯೂಮ್ ಇಳಿಸುತ್ತಾನೆ. ನನಗೆ ಆ ಕೆಲಸ ಬಿದ್ದಿಲ್ಲ.

ಹಾಗಂತ ಇದು ಕೈಕೊಟ್ಟೇ ಇಲ್ಲ ಅಂತಲ್ಲ. ಹೆಚ್ಚು ಕಾಡಿದ್ದು ಪಿನ್ ಚುಚ್ಚುವ ಸಾಕೆಟ್ಟು. ನಾಲ್ಕನೇ ವರ್ಷ ಕರಕರ ಸದ್ದು ಶುರುವಾಯಿತು. ಹೊರಗಿನ ನಟ್ಟು ಸಡಿಲ ಇತ್ತು, ನಾನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದೆ. ಮತ್ತೆ ಸಡಿಲ, ಮತ್ತೆ ಬಿಗಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಹಿಂದಿನ ದಿನ ಸದ್ದು ಪೂರ್ತಿ ನಿಂತಿತು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ಹಳೇ ಕಾಲದಿಂದ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ಜೀವನದಲ್ಲಿ ಬೇಸ್ ಗಿಟಾರ್ ಬಿಚ್ಚಿರಲಿಲ್ಲ. ಪ್ಲೇಟಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಹಾಕಿಟ್ಟರು, ಕನ್ನಡಕ ಹಣೆಗೆ ಏರಿಸಿ ಒಳಗೆ ಬಗ್ಗಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು: "ತಮ್ಮಾ, ಇದರೊಳಗೆ ಹಾಳಾಗಕ್ಕೆ ಎಂಥ ಇದೆ?" ವಾಲ್ಯೂಮಿಗೊಂದು ಟೋನಿಗೊಂದು ಕಂಟ್ರೋಲು, ಒಂದು ಕೆಪಾಸಿಟರ್, ಒಂದು ಸಾಕೆಟ್, ನಾಲ್ಕಾರು ಬೆಸುಗೆ. ನಾನು ಹೊರಗಿನಿಂದ ನಟ್ಟು ತಿರುಗಿಸಿದಾಗಲೆಲ್ಲ ಒಳಗೆ ಸಾಕೆಟ್ಟೂ ಜೊತೆಗೇ ತಿರುಗಿ ವೈರು ಹುರಿಯಾಗಿ ತುಂಡಾಗಿತ್ತು. ಅವರು ವೈರಿನ ತುದಿ ಹೊಸದಾಗಿ ಸುಲಿದು ಬೆಸುಗೆ ಹಾಕಿದರು, ಹಲ್ಲಿರುವ ಒಂದು ವಾಷರ್ ಹುಡುಕಿ ಒಳಗಡೆ ಕೂರಿಸಿ, ಸಾಕೆಟ್ಟನ್ನು ಬೆರಳಲ್ಲಿ ಒತ್ತಿ ಹಿಡಿದು ನಟ್ಟು ಬಿಗಿದರು. ಕಾಲು ಗಂಟೆ ಕೆಲಸ, 50 ರೂಪಾಯಿ. ಆ ಬೆಸುಗೆ ಇವತ್ತಿಗೂ ಹಾಗೇ ಇದೆ.

ಅವತ್ತಿಂದ ಕೇಬಲನ್ನು ಬೆಲ್ಟಿನೊಳಗೆ ಒಂದು ಸುತ್ತು ತಂದು ಆಮೇಲೆ ಚುಚ್ಚುತ್ತೇನೆ. ಯಾರಾದರೂ ತುಳಿದರೂ ಎಳೆತ ಬೆಲ್ಟಿನ ಮೇಲೆ ಬೀಳುತ್ತದೆ, ಸಾಕೆಟ್ಟಿನ ಮೇಲಲ್ಲ. ಬೆಲ್ಟಿನ ಗುಂಡಿಯ ಸ್ಕ್ರೂ ಒಮ್ಮೆ ರಂಧ್ರ ಹಿಗ್ಗಿ ಕಳಚಿ ಬಂದಿತ್ತು. ಬೆಂಕಿಕಡ್ಡಿಯ ತುಂಡಿಗೆ ಫೆವಿಕಾಲ್ ಸವರಿ ರಂಧ್ರಕ್ಕೆ ತುಂಬಿ ಒಂದು ರಾತ್ರಿ ಒಣಗಿಸಿ ಸ್ಕ್ರೂ ಹಾಕಿದೆ. ಗಟ್ಟಿಯಾಗಿದೆ.

ಇನ್ನು ಮಳೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರುವ ಆಗುಂಬೆಯ ಮಾತು ಬಿಡಿ, ಜುಲೈನಲ್ಲಿ ಮಲೆನಾಡಿನ ಯಾವ ಮನೆಯಲ್ಲಾದರೂ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಮರಕ್ಕೆ 45ರಿಂದ 55 ಶೇಕಡಾ ತೇವಾಂಶ ಹಿತ ಅನ್ನುತ್ತಾರೆ. ನನ್ನ ಕೋಣೆಯ ಸಣ್ಣ ಮೀಟರ್ ಮಳೆಗಾಲದಲ್ಲಿ ವಾರಗಟ್ಟಲೆ 85ರ ಕೆಳಗೆ ಇಳಿಯುವುದಿಲ್ಲ. ನಾಲ್ಕು ತಂತಿ ಸೇರಿ ಕತ್ತಿನ ಮೇಲೆ 70 ಕಿಲೋಗೂ ಹೆಚ್ಚಿನ ಎಳೆತ ಇರುತ್ತದೆ. ಅದರ ಜೊತೆ ಮರ ತೇವ ಕುಡಿದರೆ ಕತ್ತು ಅಲುಗಾಡದೆ ಇರಲಿಕ್ಕೆ ಸಾಧ್ಯವಿಲ್ಲ. ನನ್ನದು ಪ್ರತಿ ಮಳೆಗಾಲ ಸ್ವಲ್ಪ ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತದೆ, ಫೆಬ್ರವರಿ ಹೊತ್ತಿಗೆ ವಾಪಸ್ ಬಂದು ತಂತಿ ಫ್ರೆಟ್ಟಿಗೆ ತಾಗಿ ಜಿರ್ ಅನ್ನುತ್ತದೆ. ಕತ್ತಿನೊಳಗೆ ಟ್ರಸ್ ರಾಡ್ ಅನ್ನುವ ಲೋಹದ ಸರಳು ಇರುವುದು ಇದಕ್ಕೇ. ತಂತಿಯನ್ನು ಮೊದಲ ಫ್ರೆಟ್ಟಿನ ಹತ್ತಿರ ಒಂದು ಕೈಯಲ್ಲಿ, ಕತ್ತು ಮೈಗೆ ಸೇರುವ ಕಡೆ ಇನ್ನೊಂದು ಕೈಯಲ್ಲಿ ಒತ್ತಿ, ನಡುವೆ ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸಾಕು. ಹೆಚ್ಚಿದ್ದರೆ ಅಲೆನ್ ಕೀಯಲ್ಲಿ ಕಾಲು ಸುತ್ತು ಬಿಗಿ, ಕಮ್ಮಿ ಇದ್ದರೆ ಕಾಲು ಸುತ್ತು ಸಡಿಲ. ಒಂದು ದಿನ ಬಿಟ್ಟು ಮತ್ತೆ ನೋಡಿ. ಗಟ್ಟಿ ಅನ್ನಿಸಿದರೆ ಬಲ ಹಾಕಬೇಡಿ, ರಾಡ್ ಮುರಿದರೆ ಆ ಕತ್ತಿನ ಕಥೆ ಮುಗಿದಂತೆ. ವರ್ಷಕ್ಕೆ ಎರಡು ಸಲ, ಜೂನ್ ಕೊನೆಗೆ ಮತ್ತು ಶಿವರಾತ್ರಿ ಹೊತ್ತಿಗೆ ನಾನು ಇದನ್ನು ಮಾಡುತ್ತೇನೆ.

ಒಂದು ತಪ್ಪು ಮಾಡಿದ್ದೆ, ಬೇರೆಯವರು ಮಾಡಬಾರದು. "ಅಟ್ಟದ ಮೇಲಿಡು, ಅಲ್ಲಿ ತೇವ ಇರಲ್ಲ" ಅಂತ ಅಮ್ಮ ಹೇಳಿದ ಮಾತು ನನಗೂ ಸರಿ ಕಂಡಿತ್ತು. ಅದು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟ. ಒಂದು ತಿಂಗಳು ಬಿಟ್ಟು ಇಳಿಸಿ ಕತ್ತಿನ ಅಂಚಿಗೆ ಕೈ ಸವರಿದರೆ ಗರಗಸದ ಹಾಗೆ ಗೀರುತ್ತಿತ್ತು. ಫಿಂಗರ್‌ಬೋರ್ಡಿನ ಮರ ಒಣಗಿ ಕುಗ್ಗಿತ್ತು, ಲೋಹದ ಫ್ರೆಟ್ ಕುಗ್ಗುವುದಿಲ್ಲವಲ್ಲ, ತುದಿ ಹೊರಬಂದಿತ್ತು. ಸಣ್ಣ ಅರದಿಂದ ತುದಿಗಳನ್ನು ಉಜ್ಜಲಿಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಈಗ ಗೋಡೆಗೆ ತಾಗದ ಹಾಗೆ ಮಂಚದ ಪಕ್ಕ, ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ತೇವ ತೆಗೆದು ಮತ್ತೆ ಬಳಸಬಹುದು. ಒದ್ದೆಯಾದ ಬ್ಯಾಗಿನಲ್ಲಿ ಮಾತ್ರ ರಾತ್ರಿ ಬಿಡಬೇಡಿ. ಎಷ್ಟು ಹೊತ್ತಿಗೆ ಮನೆಗೆ ಬಂದರೂ ಬೇಸನ್ನು ಹೊರಗೆ ತೆಗೆದು, ಹಳೇ ಪಂಚೆಯ ತುಂಡಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ ಆಮೇಲೆ ಮಲಗಿ.

ತಂತಿಯ ಖರ್ಚು ಇಲ್ಲಿ ಜಾಸ್ತಿ. ಬೆವರಿನ ಉಪ್ಪು, ಗಾಳಿಯ ತೇವ ಸೇರಿ ತುಕ್ಕು ಬೇಗ. ಹಳೇ ತಂತಿಯನ್ನು ನೀರಲ್ಲಿ ಕುದಿಸಿದರೆ ಸಂದಿನ ಕೊಳೆ ಬಿಟ್ಟು ಸ್ವಲ್ಪ ದಿನ ಹೊಸತರ ಹಾಗೆ ಮೊಳಗುತ್ತದೆ, ಆದರೆ ಮಳೆಗಾಲದಲ್ಲಿ ಅದನ್ನು ಪೂರ್ತಿ ಒಣಗಿಸುವುದೇ ಕಷ್ಟ. ಕೋಟಿಂಗ್ ಇರುವ ತಂತಿ ದುಬಾರಿಯಾದರೂ ನನಗೆ ಎರಡು ಪಟ್ಟಿಗಿಂತ ಹೆಚ್ಚು ಬಾಳಿದೆ.

ಗಿಟಾರಿನವರಿಗೂ ಒಂದು ಮಾತು. ನಮ್ಮ ಹಳೇ ರಿದಂ ಗಿಟಾರಿನವನದು ತಲೆ ಹಿಂದಕ್ಕೆ ಬಾಗಿದ, ಕತ್ತು ಅಂಟಿಸಿದ ಮಾದರಿ. ನಾದ ಬಹಳ ತುಂಬಿದ್ದು, ಅದರಲ್ಲಿ ಎರಡು ಮಾತಿಲ್ಲ. ಕೊಪ್ಪದಿಂದ ಬರುವಾಗ ಟೆಂಪೋದಲ್ಲಿ ಒರಗಿಸಿಟ್ಟಿದ್ದು ಬ್ಯಾಗಿನ ಸಮೇತ ಹಿಂದಕ್ಕೆ ಬಿತ್ತು. ಬಿದ್ದಿದ್ದು ಎರಡಡಿ ಎತ್ತರದಿಂದ ಅಷ್ಟೇ, ತಲೆ ಮುರಿದುಹೋಯಿತು. ಅಂಥ ಗಿಟಾರಿನಲ್ಲಿ ತಲೆಯೂ ಕತ್ತೂ ಸೇರುವ ಕಡೆ ಮರದ ಎಳೆ ಓರೆಯಾಗಿ ಕಡಿದಿರುತ್ತದೆ, ಟ್ರಸ್ ರಾಡಿನ ನಟ್ಟಿಗೆ ಅಂತ ಅಲ್ಲೇ ಕೊರೆದೂ ಇರುತ್ತಾರೆ. ಅವನು ತುಂಡಾದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಶಿವಮೊಗ್ಗದವರೆಗೆ ಮಾತಾಡದೆ ಕೂತಿದ್ದ. ಅಂಥದ್ದು ಇಟ್ಟುಕೊಂಡವರು ದಯವಿಟ್ಟು ಗಟ್ಟಿ ಪೆಟ್ಟಿಗೆ ತಗೊಳ್ಳಿ. ನೇರ ತಲೆಯ ನನ್ನ ಬೇಸ್ ಎರಡು ಸಲ ಅದೇ ಥರ ಬಿದ್ದಿದೆ, ಬಣ್ಣ ಮಾತ್ರ ಹೋಗಿದೆ.

ಇನ್ನೊಂದು ವಿಷಯ ಜೀವದ್ದು. ಬೇಸಿನ ತಂತಿ ಕೇಬಲ್ ಮೂಲಕ ಆಂಪಿನ ಅರ್ತಿಗೆ ಸೇರಿರುತ್ತದೆ. ಅರ್ತಿಂಗ್ ಸರಿಯಿಲ್ಲದ ಕಡೆ, ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ, ಒದ್ದೆ ಸ್ಟೇಜಿನಲ್ಲಿ ಅದು ಜೀವಕ್ಕೇ ಅಪಾಯ. ಕೋರಸ್ ಹಾಡುವ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಹಿಡಿಯದೆ ನಾನು ಬಾಯಿ ಹತ್ತಿರ ಒಯ್ಯುವುದಿಲ್ಲ. ಮೈಕ್‌ಸೆಟ್ಟಿನವರ ಹತ್ತಿರ ಸಂಕೋಚ ಬೇಡ, ಕೇಳಿ.

ಈ ಬೇಸಿನಲ್ಲಿ ನನಗೆ ಒಪ್ಪಿಗೆ ಇಲ್ಲದ್ದು ತೂಕ. ನಾಲ್ಕು ಕಿಲೋ ದಾಟುತ್ತದೆ, ನಾಲ್ಕು ಗಂಟೆ ನಿಂತರೆ ಎಡ ಭುಜ ಹಿಡಿದುಕೊಳ್ಳುತ್ತದೆ. ಅಗಲದ ಚರ್ಮದ ಬೆಲ್ಟ್ ಹಾಕಿದ ಮೇಲೆ ವಾಸಿ. ಜೊತೆಗೆ ಬಂದ, ಶ್ರುತಿ ಮಾಡಲು ತಿರುಗಿಸುವ ಕೀಗಳು ಎಂಟನೇ ವರ್ಷಕ್ಕೆ ಸವೆದು ಶ್ರುತಿ ನಿಲ್ಲದಾಯಿತು, ನಾಲ್ಕನ್ನೂ ಬದಲಾಯಿಸಿದೆ. ಸ್ಲ್ಯಾಪ್ (ಹೆಬ್ಬೆರಳಿಂದ ತಂತಿಗೆ ಬಡಿದು) ನುಡಿಸುವವರಿಗೆ, ಹಾಡಿಗೊಂದು ಸದ್ದು ಬೇಕೆನ್ನುವವರಿಗೆ ಇದರ ಒಂದೇ ಪಿಕಪ್ ಸಾಲದು. ಅವರು ಎರಡು ಪಿಕಪ್ಪಿನ ಜಾಜ್ ಬೇಸ್ ಮಾದರಿ ನೋಡಲಿ. ಅದರಲ್ಲಿಯೂ ಬ್ಯಾಟರಿ ಬೇಕಿಲ್ಲ, ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಗುಂಯ್ ಸದ್ದೂ ಇರುವುದಿಲ್ಲ.

ಹೋದ ವಾರ ಜೂನಿನ ಕಾಲು ಸುತ್ತು ಹಾಕಿದೆ. ಸಾಕೆಟ್ಟಿನ ನಟ್ಟು ಅಲುಗಲಿಲ್ಲ. ಹೊಸ ತಂತಿ ಬಂದಿದೆ, ಗಣಪತಿಗೆ ಹತ್ತು ದಿನ ಇರುವಾಗ ಹಾಕುತ್ತೇನೆ.