ಪಿಕಪ್ ಅಡಿಯ ‘ಠಕ್’ ಸದ್ದು ಮತ್ತು ಬನವಾಸಿ ರಸ್ತೆಯ ಬೋರ್ಡಿಲ್ಲದ ಗ್ಯಾರೇಜು

ಗಾಡಿ ಅಡಿಯಿಂದ ಸದ್ದು ಬರುತ್ತಿದೆ, ಎಲ್ಲಿಂದ ಅಂತ ಮಾತ್ರ ಯಾರಿಗೂ ಗೊತ್ತಾಗುತ್ತಿಲ್ಲ ಅನ್ನುವವರು ಶಿರಸಿಯ ಬನವಾಸಿ ರಸ್ತೆಯ ಈ ಗ್ಯಾರೇಜಿಗೆ ಒಮ್ಮೆ ಹೋಗಿ. ಬೋರ್ಡ್ ಇಲ್ಲ, ಹಾಗಾಗಿ ಹೆಸರು ಕೇಳಬೇಡಿ. ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ತಗಡಿನ ಶೆಡ್, ಮುಂದೆ ಬಿಚ್ಚಿ ಹಾಕಿದ ಹಳೇ ಹೌಸಿಂಗ್‌ಗಳ (ಹಿಂದಿನ ಆಕ್ಸಲ್ಲಿನ ಕಬ್ಬಿಣದ ಕವಚ) ರಾಶಿ. ಅದೇ ಗುರುತು.

ನನ್ನದು ಹಳೇ ಪಿಕಪ್. ಅಡಿಕೆ ಸುಗ್ಗಿಯಲ್ಲಿ ಮೂಟೆ, ಉಳಿದಂತೆ ಕುಮಟಾ ಕಡೆಯಿಂದ ಕಾಯಿ, ಹಂಚು, ಏನು ಬಾಡಿಗೆ ಸಿಕ್ಕರೆ ಅದು. ದೇವಿಮನೆ ಘಟ್ಟ ಹತ್ತುವುದು, ಇಳಿಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಫಸ್ಟ್ ಗೇರಿನಲ್ಲಿ ಕ್ಲಚ್ ಬಿಡುವಾಗ ಒಂದು ಠಕ್, ರಿವರ್ಸ್‌ಗೆ ಹಾಕಿದರೆ ಇನ್ನೊಂದು. ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರಂತೂ ಸೀಟಿನ ಅಡಿಗೇ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಇದಲ್ಲದೆ ಹಂಪ್ ಮೇಲೆ, ಹೊಂಡದಲ್ಲಿ ಹಿಂದುಗಡೆ ಕಡಕಡ. ಅದು ಖಾಲಿ ಗಾಡಿಯಲ್ಲಿ ಜಾಸ್ತಿ, ಲೋಡ್ ಹಾಕಿದರೆ ಕಮ್ಮಿ.

ಇದಕ್ಕೂ ಮುಂಚೆ ಕರಾವಳಿ ಕಡೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದ್ದೆ. ಹಿಂದಿನ ಎರಡೂ ಜಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಿದರು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಆಮೇಲೆ ‘ಡಿಫರೆನ್ಶಿಯಲ್ ಬಿಚ್ಚಿ ನೋಡಬೇಕು, ಕ್ರೌನ್ ಪಿನಿಯನ್ ಹೋಗಿರಬಹುದು’ ಅಂದರು. ಅಂದರೆ ಹಿಂದಿನ ಆಕ್ಸಲ್ಲಿನ ಹೌಸಿಂಗ್ ಒಳಗಿನ ಹಲ್ಲಿನ ಗೇರ್‌ಗಳು. ಬಹುದು ಅನ್ನುವ ಮಾತಿಗೆ ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಾಗಲಿಲ್ಲ.

ಬನವಾಸಿ ರಸ್ತೆಯ ಮೇಸ್ತ್ರಿ ಮಾತ್ರ ಮೊದಲು ಸ್ಪ್ಯಾನರ್ ಮುಟ್ಟುವುದೇ ಇಲ್ಲ. ಪ್ರಶ್ನೆ ಕೇಳುತ್ತಾರೆ. ಒಂದೇ ಸಲ ಬಡಿಯುತ್ತದೋ, ಬಡಿಯುತ್ತಲೇ ಇರುತ್ತದೋ? ಬ್ರೇಕ್ ಹಾಕಿದಾಗಲೂ ಬರುತ್ತದಾ? ಗಾಡಿ ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ? ನಾನು ಹೇಳಿದ್ದನ್ನೆಲ್ಲ ಕೇಳಿ, ‘ನಿಮ್ಮ ಗಾಡಿಯಲ್ಲಿ ಎರಡು ಸದ್ದಿದೆ, ಒಂದಲ್ಲ’ ಅಂದರು. ಇದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹುಡುಗನ ಕೈಗೆ ಸ್ಟೇರಿಂಗ್ ಕೊಟ್ಟು ತಾವು ಹಿಂದೆ ಸಾಮಾನು ಹಾಕುವ ಡಾಲಾದಲ್ಲಿ ಕೂತು ಒಂದು ಸುತ್ತು ಹೋಗಿ ಬಂದರು.

ಕ್ಲಚ್ ಬಿಡುವಾಗ, ಗೇರ್ ಹಿಂದೆ ಮುಂದೆ ಮಾಡುವಾಗ ಬಡಿದರೆ ಅದು ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಹೋಗುವ ದಾರಿಯ ಸದ್ದು. ಹೊಂಡಕ್ಕೆ ಬಡಿದರೆ ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗ್), ಬುಷ್ (ಜೋಡಣೆಯೊಳಗೆ ಕೂರುವ ಬಳೆ), ಜಂಪರ್ ಕಡೆಯದು. ಇಷ್ಟು ಬೇರೆ ಮಾಡಿಕೊಂಡರೆ ಅರ್ಧ ಹುಡುಕಾಟ ಮುಗಿಯಿತು, ಅಲ್ವಾ?

ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಅಡ್ಡ ಕೊಟ್ಟು, ನ್ಯೂಟ್ರಲ್ ಮಾಡಿ ಕೆಳಗೆ ನುಗ್ಗಿದರು. ನನ್ನನ್ನೂ ಕರೆದರು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು ಇಡಿಯಾಗಿ ಹಿಡಿದು ತಿರುಗಿಸಿದರೆ ಸ್ವಲ್ಪ ಆಟ ಇದ್ದೇ ಇರುತ್ತದೆ, ಹೌಸಿಂಗ್ ಒಳಗಿನ ಹಲ್ಲುಗಳ ನಡುವೆ ಅಷ್ಟು ಸಡಿಲ ಬೇಕೇ ಬೇಕು, ಅದನ್ನು ನೋಡಿ ಕ್ರೌನ್ ಪಿನಿಯನ್ ಹೋಯಿತು ಅನ್ನಬಾರದು ಅಂತ ತೋರಿಸಿದರು. ಆಮೇಲೆ ಶಾಫ್ಟಿನ ತುದಿಯ ಅಡ್ಡ-ಉದ್ದ ಕೀಲು, ಅಂದರೆ ಕ್ರಾಸ್‌ನ ಎರಡೂ ಬದಿಯ ಯೋಕ್ (ಕವೆಯಂಥ ಹಿಡಿ) ಹಿಡಿದು ಎದುರುಬದುರು ತಿರುಗಿಸಿದರು. ಹಿಂದಿನ ಕ್ರಾಸ್ ಕಣ್ಣಿಗೆ ಕಾಣುವಷ್ಟು ಅಲುಗಾಡಿತು. ಅದರ ತುದಿಯ ಬೇರಿಂಗ್ ಕಪ್ಪಿನ (ಮುಚ್ಚಳದ) ಸುತ್ತ ಕೆಂಪು ತುಕ್ಕಿನ ಪುಡಿ. ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಸವೆಯುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ನಮ್ಮ ಮಳೆ, ಹಳ್ಳ, ಕೆಸರಿನಲ್ಲಿ ಓಡುವ ಗಾಡಿಗೆ ಇದು ಹೊಸದೇನಲ್ಲ. ಗ್ರೀಸ್ ಗನ್ ಒತ್ತಿದಾಗ ನಾಲ್ಕೂ ಕಪ್ಪಿನಿಂದ ಹಳೇ ಗ್ರೀಸ್ ಹೊರಗೆ ಬರಬೇಕಂತೆ. ನನ್ನದರಲ್ಲಿ ಒಂದು ಕಡೆಯಿಂದ ಚೂರೂ ಬರಲಿಲ್ಲ.

ಎರಡನೇ ಸದ್ದಿಗೆ ಪಾಟಾ ಹತ್ತಿರ ಹೋಗಿ ಸಬ್ಬಲಿನಿಂದ ಮೀಟಿದರು. ಪಾಟಾದ ತುದಿ ಹಿಡಿಯುವ ಕೊಂಡಿ, ಅಂದರೆ ಶ್ಯಾಕಲ್, ಅದರ ಬುಷ್ ತಿಂದುಹೋಗಿತ್ತು. ಭಾರ ಬಿದ್ದಾಗ ಒತ್ತಿ ಕೂರುತ್ತದೆ, ಖಾಲಿ ಇದ್ದಾಗ ಕುಣಿಯುತ್ತದೆ. ಅದಕ್ಕೇ ಲೋಡ್ ಇದ್ದಾಗ ಕಮ್ಮಿ. ಅದೇ ಬದಿಯಲ್ಲಿ ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಕೂಡ ಸಡಿಲ, ಪಾಟಾ ಉಜ್ಜಿ ಉಜ್ಜಿ ಕಬ್ಬಿಣ ಹೊಳೆಯುತ್ತಿತ್ತು. ಇದನ್ನು ನೋಡಿ ನನಗೆ ನಿಜವಾಗಿ ಹೆದರಿಕೆ ಆಯಿತು. ಯು ಬೋಲ್ಟ್ ಪೂರಾ ಸಡಿಲವಾದರೆ ಆಕ್ಸಲ್ ತನ್ನ ಜಾಗ ಬಿಟ್ಟು ಸರಿಯುತ್ತದೆ, ಅದೂ ಘಟ್ಟದಲ್ಲಿ.

ಕೆಲಸವೂ ನೀಟಾಗಿದೆ. ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚುವ ಮೊದಲು ಜೋಡಣೆ ಇರುವ ಕಡೆಯೆಲ್ಲ ಬಿಳಿ ಪೇಂಟಿನ ಗೆರೆ ಹಾಕಿಕೊಂಡರು. ಯೋಕ್‌ಗಳು ಮೊದಲಿದ್ದ ಹಾಗೇ ಕೂರದಿದ್ದರೆ ಠಕ್ ಹೋಗಿ ನಡುಕ ಶುರುವಾಗುತ್ತದೆ. ಬುಷ್ ಹಾಕಿದ ಮೇಲೆ ಗಾಡಿಯನ್ನು ಜ್ಯಾಕ್‌ನಿಂದ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಬಿಗಿ ಕೊಟ್ಟರು. ಹೊಸ ಯು ಬೋಲ್ಟ್‌ಗಳನ್ನು ಸ್ವಲ್ಪ ಓಡಿಸಿ ಮತ್ತೆ ಬಿಗಿಸಬೇಕು, ತಪ್ಪದೆ ಬನ್ನಿ ಅಂದರು. ಹೋದೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬರೀ ನೋಡಿ ಹೇಳುವುದಕ್ಕೆ 300 ರೂಪಾಯಿ. ಕೆಲಸ ಅಲ್ಲೇ ಮಾಡಿಸಿದರೆ ಮಜೂರಿಯಲ್ಲಿ ಕಳೆಯುತ್ತಾರೆ. ಕೆಲವರು ‘ನೋಡೋಕೂ ದುಡ್ಡಾ’ ಅಂತ ಗೊಣಗುವುದನ್ನು ಅಲ್ಲೇ ಕೇಳಿದ್ದೇನೆ. ನನ್ನ ಪ್ರಕಾರ ಅದೇ ಸರಿಯಾದ ದುಡ್ಡು. ನೋಡುವುದಕ್ಕೆ ಕೊಡದಿದ್ದರೆ ಸುಮ್ನೆ ಬದಲಿಸಿದ ಸಾಮಾನಿಗೆ ಕೊಡಬೇಕಾಗುತ್ತದೆ. ಸಾಮಾನು, ಮಜೂರಿ ಎಲ್ಲ ಸೇರಿ ನನಗೆ 3,400 ಆಯಿತು.

ಕಿರಿಕಿರಿಯೂ ಇದೆ. ಫೋನ್ ಎತ್ತುವುದೇ ಇಲ್ಲ. ಬೆಳಿಗ್ಗೆ ಬೇಗ ಹೋಗದಿದ್ದರೆ ಆ ದಿನ ನಿಮ್ಮ ಸರದಿ ಬರುವುದು ಅನುಮಾನ, ಸುಗ್ಗಿಯಲ್ಲಿ ಕೇಳಲೇಬೇಡಿ. ಬಿಲ್ಲು ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕ. ಯಾವ ಕಂಪನಿಯ ಕ್ರಾಸ್ ಹಾಕುತ್ತೀರಿ ಅಂತ ಮೊದಲೇ ಕೇಳಿ, ಕೇಳದಿದ್ದರೆ ಅಂಗಡಿಯಲ್ಲಿ ಸಿಕ್ಕಿದ್ದು ಹಾಕುತ್ತಾರೆ. ಕೆಸರು ಮೆತ್ತಿದ ಗಾಡಿ ತಂದರೆ ತೊಳೆಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತಾರೆ, ಕೂರಲು ಒಂದು ಬೆಂಚೂ ಇಲ್ಲ. ಸೆನ್ಸರ್, ವೈರಿಂಗ್, ಎಸಿ ಕೆಲಸಕ್ಕೆ ಇಲ್ಲಿಗೆ ಬರಬೇಡಿ, ಅವರೇ ಬೇರೆ ಕಡೆ ಕಳಿಸುತ್ತಾರೆ. ಗಾಡಿ ಅಡಿಯ ಸದ್ದಿಗೆ ಮಾತ್ರ ನಾನು ಇನ್ನು ಬೇರೆ ಕಡೆ ಹೋಗುವುದಿಲ್ಲ.