ಪಾರ್ಕಿಂಗ್ ದಂಡದ ನೋಟಿಸ್ ಬಂದರೆ ಹೆದರಿ ದುಡ್ಡು ಕಟ್ಟಬೇಡಿ, ನಾನು ಕಟ್ಟಿ ಕೆಟ್ಟೆ

ಇದನ್ನು ಬರೆಯೋಕೆ ನಾಚಿಕೆಯಾಗುತ್ತಿದೆ. ಇಷ್ಟು ದಿನ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ನಿನ್ನೆ ಪಾರ್ಕಿಂಗ್ ನಡೆಸುವವರಿಂದ ಬಂದ ಮೇಲ್ ಓದಿದ ಮೇಲೆ ಸುಮ್ನಿರೋಕೆ ಆಗಲಿಲ್ಲ.

ಅದೊಂದು ಖಾಸಗಿ ಪಾರ್ಕಿಂಗ್ ಜಾಗ. ಗೇಟಿನಲ್ಲಿ ಜನ ಇಲ್ಲ, ಕ್ಯಾಮೆರಾ ಮಾತ್ರ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ನಂಬರ್ ಪ್ಲೇಟ್ ಫೋಟೋ ತೆಗೆಯುತ್ತದೆ. ಆ ದಿನ ನಾನು ಅಲ್ಲಿಗೆ ಎರಡು ಸಲ ಹೋಗಿದ್ದೆ. ಬೆಳಿಗ್ಗೆ ಅರ್ಧ ಗಂಟೆ ನಿಲ್ಲಿಸಿದೆ, ಮೆಷಿನ್‌ನಲ್ಲಿ ದುಡ್ಡು ಕಟ್ಟಿದೆ. ಸಂಜೆ ಮತ್ತೆ ಅರ್ಧ ಗಂಟೆ, ಮತ್ತೆ ದುಡ್ಡು ಕಟ್ಟಿದೆ. ಹತ್ತು ದಿನ ಬಿಟ್ಟು ನೋಟಿಸ್ ಬಂತು. ಬೆಳಿಗ್ಗೆ 9:12ಕ್ಕೆ ಒಳಗೆ, ಸಂಜೆ 4:54ಕ್ಕೆ ಹೊರಗೆ, ಒಟ್ಟು 7 ಗಂಟೆ 42 ನಿಮಿಷ ನಿಲ್ಲಿಸಿದ್ದೀರಿ, ದಂಡ ಕಟ್ಟಿ ಅಂತ!

ನಡುವೆ ನನ್ನ ಗಾಡಿ ಹೊರಗೆ ಹೋಗಿದ್ದು, ವಾಪಸ್ ಬಂದಿದ್ದು ಎರಡೂ ಅವರ ಲೆಕ್ಕದಲ್ಲೇ ಇಲ್ಲ. ಮುಂದಿನ ಗಾಡಿಗೆ ಅಂಟಿಕೊಂಡು ಹೊರಟರೆ, ಮಳೆ ಬರುತ್ತಿದ್ದರೆ, ಪ್ಲೇಟ್ ಮೇಲೆ ಕೆಸರಿದ್ದರೆ ಈ ಕ್ಯಾಮೆರಾಗಳು ಕೆಲವೊಮ್ಮೆ ನಂಬರ್ ಓದುವುದಿಲ್ಲ. ಆಗ ಮೊದಲ ಸಲ ಒಳಗೆ ಬಂದಿದ್ದನ್ನೂ ಕೊನೇ ಸಲ ಹೊರಗೆ ಹೋಗಿದ್ದನ್ನೂ ಜೋಡಿಸಿ ಒಂದೇ ಪಾರ್ಕಿಂಗ್ ಅಂತ ಮಾಡಿಬಿಡುತ್ತದೆ. ಇದು ಹೊಸ ತಪ್ಪೇನಲ್ಲ, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ತಪ್ಪು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಕೂಡಲೇ ಮೇಲ್ ಬರೆದೆ. ಎರಡು ಸಲ ದುಡ್ಡು ಕಟ್ಟಿದ್ದೇನೆ, ನಿಮ್ಮ ಮೆಷಿನ್‌ನಲ್ಲೇ ಇದೆ, ನೋಡಿ ಎಂದೆ. ಬಂದ ಉತ್ತರ: "ನಮ್ಮ ಕ್ಯಾಮೆರಾ ದಾಖಲೆ ಸರಿಯಾಗಿದೆ. ವಾಹನ ಹೊರಗೆ ಹೋಗಿದ್ದಕ್ಕೆ ಸಾಕ್ಷಿ ಕಳಿಸಿ." ಇಡೀ ದಿನ ಒಳಗೇ ನಿಂತಿರುವ ಗಾಡಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಯಾರಾದರೂ ಅರ್ಧರ್ಧ ಗಂಟೆಗೆ ದುಡ್ಡು ಕಟ್ಟುತ್ತಾರಾ? ಇದನ್ನೇ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ.

ಸಾಕ್ಷಿ ನನ್ನ ಹತ್ರ ಇತ್ತು. ಆ ದಿನ ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ಒಡೆದಿದ್ದ ಎಡಗಡೆ ಮಿರರ್ ಬದಲಾಯಿಸಿದ್ದೆ. ಬಿಲ್ಲು ಡ್ಯಾಶ್‌ಬೋರ್ಡ್ ಮೇಲೆಯೇ ಬಿದ್ದಿತ್ತು. ಎತ್ತಿಕೊಂಡು ನೋಡಿದರೆ ಪೂರ್ತಿ ಬಿಳಿ! ಮೆಷಿನ್‌ನಿಂದ ಬರುವ ಆ ನುಣುಪು ಕಾಗದ ಬಿಸಿಲಿಗೆ ಅಳಿಸಿಹೋಗುತ್ತದೆ. ಮಡಿಚಿದ ಜಾಗದಲ್ಲಿ ತಾರೀಖಿನ ಎರಡು ಅಂಕಿ ಮಸುಕಾಗಿ ಕಾಣುತ್ತಿತ್ತು. ಅದನ್ನೇ ಫೋಟೋ ತೆಗೆದು ಕಳಿಸಿದೆ. "ಓದಲಾಗದ ದಾಖಲೆ ಒಪ್ಪುವುದಿಲ್ಲ" ಅಂದರು.

ಇಷ್ಟರಲ್ಲಿ 14ನೇ ದಿನ ಹತ್ತಿರ ಬಂತು. 14 ದಿನದೊಳಗೆ ಕಟ್ಟಿದರೆ ಅರ್ಧ, ಆಮೇಲೆ ಪೂರ್ತಿ ಅಂತ ನೋಟಿಸಿನಲ್ಲಿ ಕೆಂಪು ಅಕ್ಷರದಲ್ಲಿ ಇತ್ತು. ಭಯವಾಗಿ ಫೋನ್ ಮಾಡಿದೆ. ಆ ಹುಡುಗ ಎಷ್ಟು ನಯವಾಗಿ ಮಾತಾಡಿದ ಅಂದರೆ, ಈಗಲೂ ಕಿವಿಯಲ್ಲಿದೆ. "ಮೇಡಂ, ಟೆನ್ಷನ್ ಮಾಡ್ಕೋಬೇಡಿ. ಈಗ ಅರ್ಧ ಕಟ್ಟಿಬಿಡಿ, ಜಾಸ್ತಿ ಆಗೋದು ತಪ್ಪುತ್ತೆ. ಅಪೀಲ್ ಆಮೇಲೂ ಮಾಡ್ಬಹುದು." ಆಮೇಲೂ ಮಾಡಬಹುದಾ ಅಂತ ಎರಡು ಸಲ ಕೇಳಿದೆ. "ಹೌದು ಮೇಡಂ" ಅಂದ. ಫೋನಿನಲ್ಲಿದ್ದಾಗಲೇ ಕಟ್ಟಿದೆ.

ಕಟ್ಟಿದ ಮೇಲೆ ಅವರ ವೆಬ್‌ಸೈಟ್ ತೆರೆದು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ನೋಟಿಸಿನಲ್ಲಿ ಅಂಚೆ ಚೀಟಿಯಷ್ಟಿದ್ದವು, ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆಯ ಫೋಟೋದಲ್ಲಿ ಎಡಗಡೆ ಮಿರರ್‌ಗೆ ಕಂದು ಟೇಪ್ ಸುತ್ತಿದೆ. ಸಂಜೆಯ ಫೋಟೋದಲ್ಲಿ ಹೊಸ ಮಿರರ್ ಇದೆ. ಪಾರ್ಕಿಂಗ್‌ನಲ್ಲಿ ನಿಂತಿದ್ದ ಗಾಡಿಗೆ ತಾನಾಗಿಯೇ ಹೊಸ ಮಿರರ್ ಬರುತ್ತದಾ? ಸಾಕ್ಷಿ ಮೊದಲ ದಿನದಿಂದ ಅವರ ಹತ್ರವೇ ಇತ್ತು. ನಾನು ಹುಚ್ಚಿಯ ಹಾಗೆ ಬಿಳಿ ಕಾಗದ ಹಿಡಿದುಕೊಂಡು ಅಲೆಯುತ್ತಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡೂ ಫೋಟೋ ಕಳಿಸಿದೆ. ಗ್ಯಾರೇಜಿಗೆ ಹೋಗಿ ಬಿಲ್ಲಿನ ಇನ್ನೊಂದು ಪ್ರತಿ ತಂದು, ಅದನ್ನೂ ಕಳಿಸಿದೆ. ನಿನ್ನೆ ಬಂದ ಉತ್ತರ ಇದು: "ನೀವು ಹಣ ಪಾವತಿಸಿರುವುದರಿಂದ ತಪ್ಪನ್ನು ಒಪ್ಪಿಕೊಂಡಂತಾಗಿದೆ. ಪ್ರಕರಣ ಮುಗಿದಿದೆ." ಮಿರರ್ ಬಗ್ಗೆ ಒಂದು ಮಾತಿಲ್ಲ. ನಿಮ್ಮವರೇ ಫೋನಿನಲ್ಲಿ ಹೇಳಿದ್ದರಲ್ಲ ಅಂತ ಬರೆದರೆ, "ಅಂಥ ಕರೆಯ ದಾಖಲೆ ಇಲ್ಲ". ಕರೆ ಮಾಡಿದಾಗ "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಅಂತ ಹೇಳಿದ್ದು ಯಾರು ಹಾಗಾದರೆ?

ದಯವಿಟ್ಟು ಕೇಳಿ. ಅಪೀಲ್ ಮಾಡುವ ಮನಸ್ಸಿದ್ದರೆ ಕಟ್ಟಬೇಡಿ. ಅರ್ಧ ಅಂದರೂ ಕಟ್ಟಬೇಡಿ. ಹಾಗಂತ ನೋಟಿಸನ್ನು ಮೂಲೆಗೆ ಎಸೆಯಲೂಬೇಡಿ, ಅಪೀಲ್‌ಗೂ ಗಡುವು ಇರುತ್ತದೆ. ಅಪೀಲ್ ತೀರ್ಮಾನ ಆಗುವವರೆಗೆ ರಿಯಾಯಿತಿ ಹಾಗೇ ಇರುತ್ತದಾ ಅಂತ ಬರಹದಲ್ಲಿ ಕೇಳಿ. ಏನೇ ಇದ್ದರೂ ಬರಹದಲ್ಲೇ, ಫೋನಿನಲ್ಲಿ ಬೇಡವೇ ಬೇಡ. ಮೊದಲು ಅವರ ಫೋಟೋ ಪೂರ್ತಿ ಸೈಜಿನಲ್ಲಿ ತರಿಸಿಕೊಂಡು ಮೂಲೆ ಮೂಲೆ ನೋಡಿ. ಚೀಟಿ, ಬಿಲ್ಲು ಯಾವುದೇ ಇರಲಿ, ಕೈಗೆ ಬಂದ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಅವರು ಮುಗಿದಿದೆ ಅಂದರೂ ನಾನು ಬಿಟ್ಟಿಲ್ಲ. ಆ ಜಾಗದ ಮಾಲೀಕರು ಬೇರೆಯವರು, ಪಾರ್ಕಿಂಗ್ ನಡೆಸುವವರು ಬೇರೆಯವರು ಅಂತ ಗೊತ್ತಾಯಿತು. ಇವತ್ತು ಬೆಳಿಗ್ಗೆ ಮಾಲೀಕರಿಗೇ ಪತ್ರ ಬರೆದು ಹಾಕಿದ್ದೇನೆ. ಎರಡು ಮಿರರ್‌ಗಳ ಫೋಟೋ ಒಂದರ ಪಕ್ಕ ಒಂದು ಇಟ್ಟು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸಿದ್ದೇನೆ.